ಅಲ್ಪಾಯುವಿನ ಜಾತಕ

2023ನೆಯ ಇಸವಿಯ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನದ ವಿಕ್ರಮನು ಚಂದ್ರನ ದಕ್ಷಿಣ ಭಾಗದಲ್ಲಿ ಕಾಲೂರಿದಾಗ, ಸೋಣ ತಿಂಗಳ ಮೋಡದ ಕೆಳಗೆ ಬದುಕುವ ನಾವು ಕರಾವಳಿಯವರು ಚಂದ್ರನನ್ನು ಕಣ್ಣಾರೆ ಕಾಣುವ ಭಾಗ್ಯವಿಲ್ಲದಿದ್ದರೂ ಟೀವಿಯ ಮುಂದೆ ಕುಳಿತು, ದೇಶದ ಉಳಿದವರೊಂದಿಗೆ ಉಸಿರು ಬಿಗಿಹಿಡಿದು, ಬಳಿಕ ಚಪ್ಪಾಳೆ ತಟ್ಟಿ ಧನ್ಯರಾದೆವು. ಮರುದಿನದ ಪತ್ರಿಕೆಗಳಲ್ಲಿ ಚಂದ್ರನ ಹೊರತು ಬೇರೊಂದು ಆಕಾಶಕಾಯಕ್ಕೆ ಎಡೆಯಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಆ ಮರುದಿನವೇ, ಎಂದರೆ ಆಗಸ್ಟ್ 24ರಂದು, ವೃಶ್ಚಿಕ ರಾಶಿಯ ಮೇಲ್ಭಾಗದಲ್ಲಿ ಹರಡಿಕೊಂಡಿರುವ ಉರಗಧರನೆಂಬ ತಾರಾಮಂಡಲದಲ್ಲಿ, ಅದುವರೆಗೆ ಯಾರ ಲೆಕ್ಕಕ್ಕೂ ಬಾರದಿದ್ದ ಒಂದು ಬಿಂದುವು ಥಟ್ಟನೆ ಕ್ಷ-ಕಿರಣಗಳಿಂದ ಪ್ರಜ್ವಲಿಸತೊಡಗಿ, ಕೆಲವೇ ದಿನಗಳಲ್ಲಿ ಆ ಬಗೆಯ ಬೆಳಕಿನಲ್ಲಿ ಆಕಾಶದ ಅತ್ಯುಜ್ಜ್ವಲ ಮೂಲಗಳ ಪಂಕ್ತಿಗೆ ಏರಿತು; ತಿಂಗಳುಗಳ ಕಾಲ ಮೆರೆದು, ಮೆಲ್ಲಮೆಲ್ಲನೆ ಕುಗ್ಗಿ, ಮತ್ತೆ ಕತ್ತಲೆಯನ್ನು ಸೇರಿತು. ಈ ಅಲ್ಪಾಯುವಿನ ಕಥೆಯನ್ನು ಉಡುಪಿಯ ಓದುಗರ ಮುಂದಿಡುವುದಕ್ಕೆ ನನಗೊಂದು ಪ್ರತ್ಯೇಕ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅದರ ನಾಮಕರಣದ ವಿಚಾರ. ಅದನ್ನು ಮೊತ್ತಮೊದಲು ಕಂಡದ್ದು 2004ರಿಂದ ಭೂಮಿಯನ್ನು ಸುತ್ತುತ್ತಿರುವ ಸ್ವಿಫ್ಟ್ ಎಂಬ ಅಮೆರಿಕದ ಉಪಗ್ರಹ. ಗಾಮಾ ಕಿರಣಗಳ ಸ್ಫೋಟಗಳನ್ನು ಹಿಡಿಯುವುದೇ ಅದರ ಮುಖ್ಯ ಉದ್ಯೋಗವಾದುದರಿಂದ, ಇದೂ ಅಂತಹುದೇ ಒಂದು ಸ್ಫೋಟವಿರಬೇಕೆಂದು ಬಗೆದು, ಆ ಜಾತಿಯ ಸಂಪ್ರದಾಯದಂತೆ ಹುಟ್ಟಿದ ದಿನಾಂಕವನ್ನೇ ಹೆಸರಾಗಿ ಕೊಟ್ಟು, ಜಿಆರ್‌ಬಿ 230824ಎ ಎಂದು ಕರೆದರು. ಗಾಮಾ ಸ್ಫೋಟವೆಂಬುದು ಸಾಮಾನ್ಯವಾಗಿ ಕೆಲವು ಸೆಕೆಂಡು, ಕೆಲವೊಮ್ಮೆ ಕೆಲವು ನಿಮಿಷ ಬೆಳಗಿ ಆರಿಹೋಗುವ ಸಂಗತಿ. ಆರಿದ್ದು ಮತ್ತೆಂದೂ ಬೆಳಗುವುದಿಲ್ಲ. ಆದಕಾರಣ ಅದಕ್ಕೆ ಜನ್ಮದಿನವೊಂದೇ ಸಾಕಾದ ಗುರುತು. ಈ ಶಿಶುವಾದರೋ ಆರುವುದರ ಬದಲು ಗಂಟೆಗಂಟೆಗೂ ಪ್ರಖರವಾಗುತ್ತ ಹೋಯಿತು. ಆಗ ಪಂಡಿತರು ತಮ್ಮ ತಪ್ಪನ್ನು ತಿದ್ದಿಕೊಂಡು, ಜನ್ಮದಿನದ ಹೆಸರನ್ನು ತೆಗೆದುಹಾಕಿ, ಅದು ಆಕಾಶದಲ್ಲಿ ವಾಸವಾಗಿರುವ ವಿಳಾಸವನ್ನೇ ಹೆಸರಾಗಿ ಇಟ್ಟರು: ಸ್ವಿಫ್ಟ್ ಜೆ1727.8-1613. ಹದಿನೇಳು ಗಂಟೆ ಇಪ್ಪತ್ತೇಳು ಚಿಲ್ಲರೆ ನಿಮಿಷ ವಿಷುವಾಂಶ, ದಕ್ಷಿಣಕ್ಕೆ ಹದಿನಾರು ಡಿಗ್ರಿ ಹದಿಮೂರು ಕಲೆ ಘಂಟಾವೃತ್ತಾಂಶ. ಇಷ್ಟೇ ಆ ಹೆಸರಿನ ಅರ್ಥ. ಹೆಸರು ಬದಲಾದದ್ದು ಸಣ್ಣ ಸಂಗತಿಯಲ್ಲ. ಮೊದಲ ನೋಟ ಹೇಳಿದ್ದನ್ನು ಎರಡನೆಯ ನೋಟ ಅಳಿಸಿತೆಂಬುದೇ ಅದರ ತಾತ್ಪರ್ಯ.

ಕ್ಷ-ಕಿರಣವೆಂಬ ನಮ್ಮ ಪದವೂ ಒಂದು ಸೊಗಸಾದ ಪದ. 1895ರಲ್ಲಿ ರಾಂಟ್ಗೆನ್ ಮಹಾಶಯನು ತನಗೆ ಸ್ವಭಾವ ತಿಳಿಯದ ಕಿರಣಗಳಿಗೆ ಬೀಜಗಣಿತದ ಅಜ್ಞಾತ ಸಂಖ್ಯೆಯ ಅಕ್ಷರವನ್ನಿಟ್ಟ. ನಮ್ಮ ಹಿರಿಯರು ಗಣಿತದಲ್ಲಿ ಅಜ್ಞಾತಕ್ಕೆ ಬಳಸುತ್ತಿದ್ದ ‘ಕ್ಷ’ವನ್ನು ಅದರ ಸ್ಥಾನದಲ್ಲಿ ಕೂರಿಸಿದರು. ಮಣಿಪಾಲದ ಆಸ್ಪತ್ರೆಗೆ ಕೈಮುರಿದುಕೊಂಡು ಹೋದವನು ‘ಕ್ಷ-ಕಿರಣ ತೆಗೆಸಿದೆ’ ಎನ್ನುವುದಿಲ್ಲ, ‘ಎಕ್ಸ್‌ರೇ ತೆಗೆಸಿದೆ’ ಎನ್ನುತ್ತಾನೆ; ಆದರೂ ಲೇಖನಕ್ಕೆ ನನಗೆ ಹಳೆಯ ಮಾತೇ ಇಷ್ಟ. ಆ ಆಸ್ಪತ್ರೆಯ ಕಿರಣಗಳು ಮಾಂಸವನ್ನು ತೂರಿ ಮೂಳೆಯ ನೆರಳನ್ನು ತೆಗೆದು ಕೊಡುವುದನ್ನು ಕಂಡವರು, ಆಕಾಶದಿಂದ ಬರುವ ಕ್ಷ-ಕಿರಣಗಳೂ ಹಾಗೆಯೇ ಗಾಳಿಯನ್ನು ತೂರಿ ನೆಲವನ್ನು ಮುಟ್ಟಬೇಡವೇ ಎಂದು ಕೇಳಬಹುದು. ನಮ್ಮ ತಲೆಯ ಮೇಲಿರುವ ವಾಯುಮಂಡಲವು ತೆಳುವೆಂದು ತೋರಿದರೂ ಅದರ ಒಟ್ಟು ಭಾರ ಹತ್ತು ಮೀಟರು ಆಳದ ನೀರಿನ ಭಾರಕ್ಕೆ ಸಮ. ಮೂವತ್ತು ಅಡಿಗೂ ಮಿಕ್ಕಿದ ಆಳವುಳ್ಳ ತುಂಬಿದ ಬಾವಿಯ ತಳದಲ್ಲಿ ಕುಳಿತವನಿಗೆ ಮೇಲಿನಿಂದ ಎಕ್ಸ್‌ರೇ ತೆಗೆಯುವುದು ಎಷ್ಟು ಸಾಧ್ಯವೋ, ನೆಲದ ಮೇಲೆ ಕುಳಿತು ನಕ್ಷತ್ರಗಳ ಕ್ಷ-ಕಿರಣವನ್ನು ನೋಡುವುದೂ ಅಷ್ಟೇ ಸಾಧ್ಯ. ಆದುದರಿಂದಲೇ ಈ ಶಾಸ್ತ್ರವು ರಾಕೆಟ್ಟಿನೊಂದಿಗೆ ಹುಟ್ಟಿತು. 1962ರ ಜೂನಿನಲ್ಲಿ ರಿಕಾರ್ಡೊ ಜಿಯಾಕೋನಿಯೂ ಅವನ ಸಂಗಡಿಗರೂ ಹಾರಿಸಿದ ರಾಕೆಟ್ಟು ಕೆಲವೇ ನಿಮಿಷ ವಾಯುಮಂಡಲದ ಆಚೆಗಿದ್ದು ವೃಶ್ಚಿಕದಲ್ಲಿ ಸೌರವ್ಯೂಹದಾಚೆಯ ಮೊದಲ ಕ್ಷ-ಕಿರಣ ಮೂಲವನ್ನು ಕಂಡಿತು. ಆ ಕೆಲವು ನಿಮಿಷಗಳ ಫಲವಾಗಿ ಬೆಳೆದ ಶಾಸ್ತ್ರಕ್ಕಾಗಿ 2002ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು.

ಮೇಲಕ್ಕೆ ಹೋದರೂ ತೊಂದರೆ ತೀರದು. ಬಲವಾದ ಕ್ಷ-ಕಿರಣವನ್ನು ಯಾವ ಮಸೂರವೂ ಬಗ್ಗಿಸಲಾರದು. ಹೀಗಿರುವಾಗ, ಇಡೀ ಆಕಾಶವನ್ನು ಕಾಯುವ ಕಾವಲುಗಾರನು ಬೆಳಕು ಯಾವ ದಿಕ್ಕಿನಿಂದ ಬಂತೆಂದು ಅರಿಯುವುದು ಹೇಗೆ? ಉಡುಪಿಯ ಶ್ರೀಕೃಷ್ಣ ಮಠದವರಿಗೆ ಇದರ ಉತ್ತರ ಕಷ್ಟವಾಗಲಾರದು. ಕನಕನ ಕಿಂಡಿಯ ಕಥೆಯನ್ನು ಲೋಕವೇ ಬಲ್ಲುದು. ಒಳಗೆ ಭಕ್ತರು ದೇವರನ್ನು ಕಾಣುವ ಇನ್ನೊಂದು ಕಿಂಡಿ, ಒಂಬತ್ತು ರಂಧ್ರಗಳ ನವಗ್ರಹ ಕಿಂಡಿ. ಅಂತಹ ರಂಧ್ರಗಳ ಹಿಂದೆ ಒಂದು ದೀಪವನ್ನಿಟ್ಟು ಎದುರು ಗೋಡೆಯ ಮೇಲೆ ಬೀಳುವ ಒಂಬತ್ತು ಚುಕ್ಕೆಗಳನ್ನು ನೋಡಿದಿರಾದರೆ, ದೀಪವನ್ನು ಎಡಕ್ಕೆ ಸರಿಸಿದೊಡನೆ ಚುಕ್ಕೆಗಳ ಚಿತ್ತಾರವೆಲ್ಲ ಬಲಕ್ಕೆ ಸರಿಯುತ್ತದೆ. ದೀಪ ಕಣ್ಣಿಗೆ ಕಾಣದಿದ್ದರೂ ಚಿತ್ತಾರದ ಸ್ಥಾನದಿಂದ ದೀಪದ ಸ್ಥಾನವನ್ನು ಗುಣಿಸಿ ಹೇಳಬಹುದು. ಸ್ವಿಫ್ಟ್‌ನ ಕಾವಲು ಉಪಕರಣದಲ್ಲಿರುವುದು ಇದೇ ತತ್ತ್ವ. ಒಂಬತ್ತು ರಂಧ್ರಗಳಿಗೆ ಬದಲಾಗಿ ಐವತ್ತು ಸಾವಿರಕ್ಕೂ ಮಿಕ್ಕ ಸೀಸದ ಬಿಲ್ಲೆಗಳನ್ನು ಅಡ್ಡಾದಿಡ್ಡಿಯಾಗಿ ಹರಡಿ, ಅವುಗಳ ನೆರಳನ್ನು ಕೆಳಗಿನ ಫಲಕದ ಮೇಲೆ ಓದುತ್ತಾರೆ.

ಈಗ ನನ್ನ ಪ್ರತ್ಯೇಕ ಕಾರಣಕ್ಕೆ ಬರುತ್ತೇನೆ. ಕಾಪುವಿನಿಂದ ತೆಂಕಣಕ್ಕೆ ಪಡುಬಿದ್ರಿಯ ದಾರಿಯಲ್ಲಿ, ಎರ್ಮಾಳಿನ ಬಳಿ ಒಳಕ್ಕೆ ತಿರುಗಿದರೆ ಅದಮಾರು ಸಿಗುತ್ತದೆ. ಅಷ್ಟಮಠಗಳಲ್ಲಿ ಒಂದರ ಹೆಸರಿಗೆ ಮೂಲವಾದ ಆ ಹಳ್ಳಿಯಲ್ಲಿ 1932ರ ಮಾರ್ಚ್ 10ರಂದು ಹುಟ್ಟಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾದ ಉಡುಪಿ ರಾಮಚಂದ್ರ ರಾಯರನ್ನು ನಾವು ‘ಆರ್ಯಭಟದ ರಾಯರು’ ಎಂದು ಹೊಗಳಿ ಸುಮ್ಮನಾಗುತ್ತೇವೆ. ಅವರು ಉಪಗ್ರಹ ಕಟ್ಟುವವರಾದದ್ದು ಆಮೇಲೆ. ಮೊದಲು ಅವರು ವಿಶ್ವಕಿರಣಗಳ ವಿದ್ವಾಂಸರು. ಅಮೆರಿಕದಲ್ಲಿದ್ದಾಗ ಗ್ರಹಾಂತರ ಮಾರ್ಗದ ಪಯೋನಿಯರ್ ನೌಕೆಗಳಲ್ಲಿ ಉಪಕರಣಗಳನ್ನಿಟ್ಟವರು. 1966ರಲ್ಲಿ ಮರಳಿ ಬಂದು, ತುಂಬಾದ ಕಡಲ ಕರೆಯಿಂದ ಹಾರುವ ಸಣ್ಣ ರಾಕೆಟ್ಟುಗಳ ತಲೆಯಲ್ಲಿ ಕ್ಷ-ಕಿರಣಗಳನ್ನು ಎಣಿಸುವ ಉಪಕರಣಗಳನ್ನಿಟ್ಟು ಆಕಾಶವನ್ನು ಶೋಧಿಸತೊಡಗಿದವರು. ಪೀಣ್ಯದ ಕೈಗಾರಿಕಾ ಕೊಟ್ಟಿಗೆಗಳಲ್ಲಿ ಅವರ ಮುಂದಾಳ್ತನದಲ್ಲಿ ಸಿದ್ಧವಾದ 360 ಕಿಲೋಗ್ರಾಮಿನ ಆರ್ಯಭಟವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದಾಗ ಅದರ ಗರ್ಭದಲ್ಲಿ ಮೂರು ವೈಜ್ಞಾನಿಕ ಪ್ರಯೋಗಗಳಿದ್ದುವು. ಅವುಗಳಲ್ಲೊಂದು ಕ್ಷ-ಕಿರಣ ಖಗೋಲಶಾಸ್ತ್ರದ್ದು. ಭಾರತದ ಮೊದಲ ಉಪಗ್ರಹಕ್ಕೆ ಮೊದಲ ದಿನದಿಂದಲೇ ಈ ಕಣ್ಣಿತ್ತೆಂಬುದನ್ನು ನಮ್ಮ ಶಾಲಾಪಠ್ಯಗಳು ಏಕೆ ಹೇಳುವುದಿಲ್ಲವೋ ನಾನರಿಯೆ.

ಆ ಕಣ್ಣು ಹಂಸ ರಾಶಿಯ ಪ್ರಸಿದ್ಧ ಕ್ಷ-ಕಿರಣ ಮೂಲವನ್ನು ಒಮ್ಮೆ ಚೆನ್ನಾಗಿ ನೋಡಿತು. ಐದು ದಿನ ಕಳೆಯುವಷ್ಟರಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಉಪಗ್ರಹವು ಜೀವಂತವಾಗಿತ್ತು, ಸುತ್ತುತ್ತಿತ್ತು, ನೆಲದೊಡನೆ ಮಾತನಾಡುತ್ತಿತ್ತು. ಕಣ್ಣು ಮಾತ್ರ ಮುಚ್ಚಿತ್ತು. ವಿಧಿಯ ವಿನೋದವನ್ನು ನೋಡಿ: ಆ ಬಳಿಕ ಮೂರೂವರೆ ತಿಂಗಳೂ ತುಂಬದೆ, 1975ರ ಆಗಸ್ಟ್ 3ರಂದು, ಬ್ರಿಟಿಷರ ಏರಿಯಲ್-5 ಎಂಬ ಉಪಗ್ರಹವು ಏಕಶೃಂಗಿ ಎಂಬ ಮಂಡಲದಲ್ಲಿ ಒಂದು ನೂತನ ಕ್ಷ-ಕಿರಣ ಮೂಲವನ್ನು ಕಂಡಿತು. ಅದು ಕೆಲವೇ ದಿನಗಳಲ್ಲಿ, ಸೂರ್ಯನೊಬ್ಬನನ್ನು ಬಿಟ್ಟರೆ, ಅದುವರೆಗೆ ಕಂಡ ಎಲ್ಲ ಕ್ಷ-ಕಿರಣ ಮೂಲಗಳನ್ನೂ ಮೀರಿಸಿ ಬೆಳಗಿತು. ಅಷ್ಟು ಹೊತ್ತಿಗೆ ಆರ್ಯಭಟವು ಅದೇ ಆಕಾಶದ ಕೆಳಗೆ, ತೊಂಬತ್ತಾರು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತ, ಏನನ್ನೂ ಕಾಣದೆ ಸಾಗುತ್ತಿತ್ತು.

ಎ0620-00 ಎಂಬ ಆ ಮೂಲದ ಮುಂದಿನ ಚರಿತ್ರೆಯೇ ಮರುನೋಟವೆಂಬ ವಿದ್ಯೆಯ ಮಹಿಮೆಯನ್ನು ಸಾರುವಂತಹುದು. ಕ್ಷ-ಕಿರಣದ ಸುದ್ದಿ ಹಬ್ಬಿದೊಡನೆ ನೆಲದ ದೂರದರ್ಶಕಗಳು ಆ ಕಡೆಗೆ ತಿರುಗಿ, ಅದೇ ಸ್ಥಾನದಲ್ಲಿ ಸಾಮಾನ್ಯ ಬೆಳಕಿನಲ್ಲಿಯೂ ಹೊಸದೊಂದು ನಕ್ಷತ್ರ ಮೂಡಿರುವುದನ್ನು ಕಂಡುವು. ಹಾರ್ವರ್ಡಿನ ಉಗ್ರಾಣದಲ್ಲಿದ್ದ ಹಳೆಯ ಗಾಜಿನ ಫಲಕಗಳನ್ನು ತೆಗೆದು ನೋಡಿದರೆ, 1917ರಲ್ಲಿಯೂ ಅದು ಒಮ್ಮೆ ಹೀಗೆಯೇ ಬೆಳಗಿ ಆರಿತ್ತು. ಆಗ ಯಾರೂ ಗಮನಿಸಿರಲಿಲ್ಲ. ಕ್ಷ-ಕಿರಣವೆಲ್ಲ ಅಡಗಿ, ಪತ್ರಿಕೆಗಳು ಮರೆತು, ಹತ್ತು ವರ್ಷ ಕಳೆದ ಮೇಲೆ, ಉಳಿದಿದ್ದ ಮಂಕು ನಕ್ಷತ್ರವೊಂದರ ಬೆಳಕನ್ನು ಮೆಕ್‌ಕ್ಲಿಂಟಾಕ್ ಮತ್ತು ರೆಮಿಲಾರ್ಡ್ ಎಂಬ ಇಬ್ಬರು ತಾಳ್ಮೆಯಿಂದ ವರ್ಣಪಟಲವಾಗಿ ಬಿಡಿಸಿ, ಅದು ಏಳೂಮುಕ್ಕಾಲು ಗಂಟೆಗೊಮ್ಮೆ ಯಾವುದೋ ಕಾಣದ ಸಂಗಾತಿಯ ಸುತ್ತ ಗಿರಗಿರನೆ ತಿರುಗುತ್ತಿದೆಯೆಂದೂ, ಆ ಸಂಗಾತಿಯ ತೂಕ ಮೂರು ಸೂರ್ಯರಿಗಿಂತ ಅಧಿಕವೆಂದೂ 1986ರಲ್ಲಿ ತೋರಿಸಿದರು. ಅಷ್ಟು ತೂಕವಿದ್ದೂ ಬೆಳಕಿಲ್ಲದ, ಅಷ್ಟು ಇಕ್ಕಟ್ಟಿನಲ್ಲಿ ಅಡಗಬಲ್ಲ ವಸ್ತು ಕಪ್ಪುಕುಳಿಯಲ್ಲದೆ ಮತ್ತೊಂದಲ್ಲ. ಜ್ವಾಲೆ ಆರಿದ ಮೇಲೆಯೇ ಒಲೆಯ ಅಳತೆ ಸಿಕ್ಕಿತು, ಏಕೆಂದರೆ ಜ್ವಾಲೆಯಿರುವಷ್ಟು ಕಾಲ ಆ ಬಡ ನಕ್ಷತ್ರದ ಬೆಳಕು ಅದರಲ್ಲಿ ಮುಳುಗಿಹೋಗಿತ್ತು.

ವರ್ಷಗಟ್ಟಲೆ ಮಲಗಿದ್ದು ಹೀಗೆ ಥಟ್ಟನೆ ಏಳುವುದೇಕೆ? ನಮ್ಮ ಕಡೆಯ ಕೃಷಿಕರು ಮಳೆಗಾಲ ಮುಗಿದ ಬಳಿಕ ತೋಡಿಗೆ ಅಡ್ಡಲಾಗಿ ಮಣ್ಣು ಕಲ್ಲುಗಳ ಕಟ್ಟ ಹಾಕುತ್ತಾರಷ್ಟೆ. ನೀರು ಮೆಲ್ಲಗೆ ತುಂಬುತ್ತದೆ. ತುಂಬಿದ್ದು ತಿಳಿಯುವುದೇ ಇಲ್ಲ. ಒಂದು ದಿನ ಅಕಾಲದ ಮಳೆ ಬಂದು ಕಟ್ಟ ಒಡೆದರೆ ತಿಂಗಳ ನೀರು ಗಳಿಗೆಯಲ್ಲಿ ಕೆಳಗಿನ ಗದ್ದೆಗೆ ನುಗ್ಗುತ್ತದೆ. ಕಪ್ಪುಕುಳಿಯ ಸಂಗಾತಿಯಾದ ನಕ್ಷತ್ರದಿಂದ ಜಲಜನಕವು ಹರಿದುಬಂದು ಕುಳಿಯ ಸುತ್ತ ತಟ್ಟೆಯಾಕಾರದಲ್ಲಿ ಸಂಚಯವಾಗುತ್ತದೆ. ತಂಪಾಗಿರುವವರೆಗೆ ಆ ತಟ್ಟೆ ಜಾರುವುದಿಲ್ಲ. ದ್ರವ್ಯ ಹೆಚ್ಚುತ್ತ ಹೋಗಿ ಎಲ್ಲಿಯೋ ಒಂದೆಡೆ ಉಷ್ಣವು ಹತ್ತು ಸಾವಿರ ಡಿಗ್ರಿಯ ಆಸುಪಾಸಿಗೆ ಏರಿದಾಗ ಜಲಜನಕದ ಪರಮಾಣುಗಳು ಒಡೆದು ವಿದ್ಯುದಾವಿಷ್ಟವಾಗುತ್ತವೆ; ತಟ್ಟೆಯ ಒಳಘರ್ಷಣೆ ಏಕಾಏಕಿ ಹೆಚ್ಚುತ್ತದೆ; ಕಟ್ಟ ಒಡೆಯುತ್ತದೆ. ಬಹುಕಾಲದ ಸಂಗ್ರಹವು ಕೆಲವು ವಾರಗಳಲ್ಲಿ ಕುಳಿಯ ಕಡೆಗೆ ಧುಮುಕಿ, ಕಾಣದಾಗುವ ಮೊದಲು ಲಕ್ಷಾಂತರ ಡಿಗ್ರಿ ಕಾದು ಕ್ಷ-ಕಿರಣವನ್ನು ಚೆಲ್ಲುತ್ತದೆ. ಕಟ್ಟ ಖಾಲಿಯಾದ ಮೇಲೆ ಮತ್ತೆ ನಿದ್ರೆ, ಮತ್ತೆ ಸಂಗ್ರಹ.

2023ರ ಅತಿಥಿಯ ಮನೆಯಲ್ಲಿ ನಡೆದುದೂ ಇದೇ. ವ್ಯತ್ಯಾಸವೆಂದರೆ ಈ ಸಾರಿ ಭಾರತದ ಕಣ್ಣು ತೆರೆದಿತ್ತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್, ಐದು ವರ್ಷದ ಆಯುಸ್ಸಿಗೆಂದು ನಿರ್ಮಿತವಾಗಿದ್ದರೂ, ಎಂಟನೆಯ ವರ್ಷದಲ್ಲಿಯೂ 650 ಕಿಲೋಮೀಟರು ಎತ್ತರದಲ್ಲಿ ದುಡಿಯುತ್ತಿತ್ತು. ಅದಕ್ಕೆ ಆಜ್ಞೆಗಳು ಹೋಗುವುದು, ಕಾಕತಾಳೀಯವೆನ್ನಿ, ಆರ್ಯಭಟ ಹುಟ್ಟಿದ ಪೀಣ್ಯದಿಂದಲೇ. ಅದು ಕಳುಹಿಸಿದ ಮಾಹಿತಿ ಸಂಗ್ರಹವಾಗುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಅದರಲ್ಲಿರುವ ಮೃದು ಕ್ಷ-ಕಿರಣ ದೂರದರ್ಶಕದ ರಚನೆಯನ್ನು ನಮ್ಮ ಕಡಲ ಮಕ್ಕಳಿಗೆ ವಿವರಿಸುವುದು ಸುಲಭ: ಕಲ್ಲನ್ನು ನೀರಿಗೆ ನೆಟ್ಟಗೆ ಎಸೆದರೆ ಮುಳುಗುತ್ತದೆ, ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ನೀರಿನ ಮೈಯನ್ನು ಸವರಿ ಚಿಮ್ಮಿ ಹೋಗುತ್ತದೆ. ಮೃದುವಾದ ಕ್ಷ-ಕಿರಣವೂ ಕನ್ನಡಿಗೆ ನೆಟ್ಟಗೆ ಬಡಿದರೆ ಒಳಗೆ ಇಂಗುತ್ತದೆ. ಚಿನ್ನದ ಲೇಪವುಳ್ಳ ಕೊಳವೆಯಂತಹ ಕನ್ನಡಿಗಳ ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿದರೆ ಚಿಮ್ಮಿ ಒಂದೆಡೆ ಕೂಡುತ್ತದೆ.

ಈ ಉಪಗ್ರಹದಲ್ಲಿ ಆಕಾಶವನ್ನು ಸುತ್ತಿ ಸುತ್ತಿ ನೋಡಿ ಹೊಸ ಮೂಲಗಳನ್ನು ಹಿಡಿಯಬೇಕಾದ ಕಾವಲು ಉಪಕರಣವೂ ಇದೆ. ಆದರೆ ಉರಗಧರನ ಅತಿಥಿಯನ್ನು ಮೊದಲು ಕಂಡ ಕೀರ್ತಿ ಸ್ವಿಫ್ಟ್‌ಗೇ ಸಂದಿತು. ಅದಕ್ಕಾಗಿ ನಾವು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಸೆಪ್ಟೆಂಬರಿನಲ್ಲಿ ಆಸ್ಟ್ರೋಸ್ಯಾಟ್‌ನ ಉಪಕರಣಗಳು ಆ ಕಡೆಗೆ ತಿರುಗಿದುವು. ಬೆಂಗಳೂರಿನ ಉಪಗ್ರಹ ಕೇಂದ್ರದ ವಿಜ್ಞಾನಿಗಳು ಆ ಮಾಹಿತಿಯನ್ನು ಜರಡಿಯಾಡಿ ತೆಗೆದ ಫಲ ನನ್ನ ಮಟ್ಟಿಗೆ ಮೊದಲ ದರ್ಶನದ ಸುದ್ದಿಗಿಂತ ಬೆಲೆಯುಳ್ಳದ್ದು. ಅದನ್ನು ತಿಳಿಸಲು ಕಾಪುವಿನ ದೀಪಸ್ತಂಭಕ್ಕೆ ಹೋಗೋಣ. 1901ರಲ್ಲಿ ಕಡಲಬಂಡೆಯ ಮೇಲೆ ಕಟ್ಟಿದ, ತೊಂಬತ್ತು ಅಡಿಯ ಆಸುಪಾಸಿನ ಆ ಗೋಪುರದ ದೀಪವು ತನ್ನದೇ ಲಯದಲ್ಲಿ ಮಿನುಗುತ್ತದೆ. ಕತ್ತಲೆಯಲ್ಲಿ ಗೋಪುರವೇ ಕಾಣದಿದ್ದರೂ ಮಿನುಗುವ ಲಯದಿಂದಲೇ ನಾವಿಕನು ಇದು ಕಾಪು, ಬೇರೆಯದಲ್ಲ ಎಂದು ಗುರುತಿಸುತ್ತಾನೆ. ಕೆಲವು ನ್ಯೂಟ್ರಾನ್ ನಕ್ಷತ್ರಗಳು ಹೀಗೆ ಗಡಿಯಾರದಂತೆ ತಪ್ಪದೆ ಮಿನುಗುತ್ತವೆ. ನಮ್ಮ ಅತಿಥಿಯ ಬೆಳಕಿನಲ್ಲಿ ಕಂಡದ್ದು ಅಂತಹ ಕಟ್ಟುನಿಟ್ಟಾದ ತಾಳವಲ್ಲ, ಗಾಳಿಗೆ ಕುಣಿಯುವ ದೀಪದ ಕುಡಿಯಂತಹ ಅರೆಬರೆ ತಾಳ: ಸೆಕೆಂಡಿಗೆ ಸುಮಾರು ಒಂದು ಬಾರಿಯಿಂದ ತೊಡಗಿ, ದಿನಗಳು ಕಳೆದಂತೆ ಎರಡೂವರೆ ಬಾರಿಯವರೆಗೆ ಚುರುಕುಗೊಂಡ ಸ್ಪಂದನ. ಕಪ್ಪುಕುಳಿಯ ಸಮೀಪದ ಅನಿಲವು ಒಳಕ್ಕೆ ಸರಿದಷ್ಟೂ ತಾಳ ಬೀಸಾಗುತ್ತದೆಂಬುದು ಅಂಗೀಕೃತವಾದ ಊಹೆ. ಆಸ್ಟ್ರೋಸ್ಯಾಟ್ ತೋರಿಸಿದ ವಿಶೇಷವೇನೆಂದರೆ, ಈ ತಾಳವು ನೂರು ಕಿಲೋ ಎಲೆಕ್ಟ್ರಾನ್ ವೋಲ್ಟಿನ, ಎಂದರೆ ಆಸ್ಪತ್ರೆಯ ಎಕ್ಸ್‌ರೇ ಯಂತ್ರದಿಂದ ಹೊರಡುವಷ್ಟೇ ಬಲವಾದ ಕಿರಣಗಳಲ್ಲಿಯೂ ಕೇಳಿಸುತ್ತದೆಯೆಂಬುದು. ಅಷ್ಟು ಬಲದ ಕಿರಣಗಳು ತುಲನೆಯಲ್ಲಿ ತಂಪಾದ ತಟ್ಟೆಯಿಂದ ಹೊರಡಲಾರವು. ಆದುದರಿಂದ ತಾಳ ಹಾಕುತ್ತಿರುವುದು ತಟ್ಟೆಯಲ್ಲ, ಕುಳಿಗೆ ಅಂಟಿಕೊಂಡಿರುವ ಅತ್ಯುಷ್ಣವಾದ ಅನಿಲಮೇಘ ಎಂಬ ತರ್ಕಕ್ಕೆ ಬಲ ಬಂತು.

ಅದೇ ದಿನಗಳಲ್ಲಿ ಬೇರೆಬೇರೆ ಕಣ್ಣುಗಳು ಬೇರೆಬೇರೆ ಗುಣಗಳನ್ನು ಕಂಡುವು. ಕ್ಷ-ಕಿರಣದ ಧ್ರುವೀಕರಣವನ್ನು ಅಳೆಯುವ ಐಎಕ್ಸ್‌ಪಿಇ ಎಂಬ ಉಪಗ್ರಹವು ಶೇಕಡಾ ನಾಲ್ಕರಷ್ಟು ಧ್ರುವೀಕರಣವನ್ನು ಗುರುತಿಸಿತು. ರೇಡಿಯೋ ದೂರದರ್ಶಕಗಳ ಜಾಲವು ಕುಳಿಯ ಬಳಿಯಿಂದ ಹೊರಚಿಮ್ಮುವ ಧಾರೆಯನ್ನು ಚಿತ್ರಿಸಿತು. ಸ್ಪೇನಿನ ಲಾ ಪಾಲ್ಮಾ ದ್ವೀಪದ 10.4 ಮೀಟರಿನ ದೂರದರ್ಶಕವು ಜ್ವಾಲೆ ತಗ್ಗುವವರೆಗೂ ಬೆನ್ನು ಬಿಡದೆ ಸಂಗಾತಿ ನಕ್ಷತ್ರದ ಸುಳಿವನ್ನು ಹುಡುಕಿತು. ಇವರೆಲ್ಲ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ಬಗೆಯೂ ಸ್ವಾರಸ್ಯದ್ದು: ಖಗೋಲಜ್ಞರು ತಮ್ಮ ತುರ್ತು ವರ್ತಮಾನಗಳನ್ನು ಇಂದಿಗೂ ‘ಟೆಲಿಗ್ರಾಂ’ ಎಂದೇ ಕರೆಯುತ್ತಾರೆ. ನಮ್ಮ ಅಂಚೆಕಛೇರಿಯ ತಂತಿ 2013ರ ಜುಲೈಯಲ್ಲಿ ಕಣ್ಮುಚ್ಚಿದರೂ ನಕ್ಷತ್ರಲೋಕದ ತಂತಿ ಇನ್ನೂ ನಡೆಯುತ್ತಿದೆ.

ನೆಲದ ಮೇಲಿನ ಮರುನೋಟಕ್ಕೆ ಕರ್ನಾಟಕದಲ್ಲಿ ಒಂದು ಅಪೂರ್ವ ಏರ್ಪಾಡಿದೆಯೆಂಬುದನ್ನು ಬಹುಮಂದಿ ಅರಿಯರು. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರು ಎತ್ತರದಲ್ಲಿ, ಮನುಷ್ಯನಿಗೆ ಉಸಿರಾಡುವುದೇ ಕಷ್ಟವಾಗುವ ಜಾಗದಲ್ಲಿ, ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವಿದೆ; ಅದನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಉಪಗ್ರಹದ ಸಂಪರ್ಕದಿಂದ ಅಲ್ಲಿಂದಲೇ ಅದನ್ನು ತಿರುಗಿಸುತ್ತಾರೆ, ಅಲ್ಲಿಂದಲೇ ಚಿತ್ರ ತೆಗೆಯುತ್ತಾರೆ. ಅದರ ನೆರೆಯಲ್ಲಿ 2018ರಿಂದ ಕೆಲಸ ಮಾಡುತ್ತಿರುವ 0.7 ಮೀಟರಿನ ಗ್ರೋತ್ ದೂರದರ್ಶಕವಂತೂ ಇಂತಹ ಕ್ಷಣಿಕಗಳ ಬೆನ್ನು ಹತ್ತುವುದಕ್ಕೆಂದೇ ಇರುವುದು.

ಇತ್ತ ನಮ್ಮ ಜಿಲ್ಲೆಯಲ್ಲಿಯೂ, ಮಣಿಪಾಲದ ನೈಸರ್ಗಿಕ ವಿಜ್ಞಾನ ಕೇಂದ್ರದ ಸಂಶೋಧಕರು ಆಸ್ಟ್ರೋಸ್ಯಾಟ್‌ನ ಮಾಹಿತಿಯನ್ನು ಬಳಸಿ ದೂರದ ಬ್ಲೇಜಾರ್‌ಗಳೆಂಬ ಚಂಚಲ ಗೆಲಕ್ಸಿಗಳನ್ನು ಅಭ್ಯಸಿಸುತ್ತಿದ್ದಾರೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಲ ವೀಕ್ಷಕರ ಸಂಘವು ಊರಿನ ಮಕ್ಕಳಿಗೆ ಆಕಾಶ ತೋರಿಸುತ್ತ ಬಂದಿದೆ. ಅದಮಾರಿನ ಹುಡುಗನೊಬ್ಬ ಈ ಹಾದಿಯಲ್ಲಿ ಎಷ್ಟು ದೂರ ನಡೆದನೆಂಬುದಕ್ಕೆ ಸಾಕ್ಷಿ ಬೇಕಿದ್ದರೆ, ಅತಿಥಿಯ ಆ ತಾಳವನ್ನು ಅಳೆದ ಬೆಂಗಳೂರಿನ ಕೇಂದ್ರದ ಬಾಗಿಲ ಮೇಲಿನ ಹೆಸರನ್ನು ಓದಬಹುದು: ರಾಯರು 2017ರ ಜುಲೈಯಲ್ಲಿ ತೀರಿಕೊಂಡ ಮರುವರ್ಷ ಅದಕ್ಕೆ ಯು. ಆರ್. ರಾವ್ ಉಪಗ್ರಹ ಕೇಂದ್ರವೆಂದು ಮರುನಾಮಕರಣವಾಯಿತು. ಕ್ಷ-ಕಿರಣದ ಧ್ರುವೀಕರಣವನ್ನು ಅಳೆಯಲೆಂದೇ 2024ರ ಜನವರಿ ಒಂದರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಎರಡು ಉಪಕರಣಗಳಲ್ಲಿ ಒಂದು ಆ ಕೇಂದ್ರದ್ದು, ಇನ್ನೊಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ಪತ್ರಿಕೆಯವನಾಗಿ ನಾನೂ ಒಂದು ತಪ್ಪೊಪ್ಪಿಗೆ ಮಾಡಬೇಕು. ‘ಹೊಸ ನಕ್ಷತ್ರ ಪತ್ತೆ’ ಎಂಬ ತಲೆಬರಹವನ್ನು ನಾವು ಆಸೆಯಿಂದ ಹಾಕುತ್ತೇವೆ. ಆರು ತಿಂಗಳು, ಆರು ವರ್ಷ ಅದನ್ನೇ ನೋಡುತ್ತ ಕುಳಿತವರ ಲೆಕ್ಕಾಚಾರ ಬಂದಾಗ ಅದಕ್ಕೆ ನಮ್ಮಲ್ಲಿ ಜಾಗವಿರುವುದಿಲ್ಲ. ಏರಿಯಲ್-5 ಕಂಡದ್ದು ಸುದ್ದಿಯಾಯಿತು; ಕಪ್ಪುಕುಳಿಯೆಂದು ಗೊತ್ತಾದದ್ದು ಹನ್ನೊಂದು ವರ್ಷದ ಬಳಿಕ. ಈ ಅಂಕಣವೂ ಆ ಸಾಲದ ಒಂದು ಕಂತು.

ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತಾಗುವ ಅಕ್ಟೋಬರಿನ ಒಂದು ಸಂಜೆ, ಕಾಪುವಿನ ಬಂಡೆಯ ಮೇಲೋ ಕಾರ್ಕಳದ ಗೊಮ್ಮಟನ ಬೆಟ್ಟದ ಮೇಲೋ ನಿಂತು ಪಡುವಣಕ್ಕೆ ಮುಖ ಮಾಡಿ. ಕೆಂಪಗೆ ಹೊಳೆಯುವ ಜ್ಯೇಷ್ಠಾ ನಕ್ಷತ್ರ ಕಡಲಿನ ಕಡೆಗೆ ಇಳಿಯುತ್ತಿರುತ್ತದೆ. ಅದಕ್ಕಿಂತ ಮೇಲೆ, ತುಸು ಬಲಕ್ಕೆ, ಉರಗಧರನ ಮಂದ ತಾರೆಗಳು. ಆ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸುವುದಕ್ಕೂ ಸಾವಿರಾರು ವರ್ಷ ಮೊದಲೇ ಹೊರಟಿದ್ದ ಬೆಳಕು ಆಗಸ್ಟ್ 24ರಂದು ಇಲ್ಲಿಗೆ ತಲುಪಿದ್ದು ಆ ಎಡೆಯಿಂದ. ಬರಿಗಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ.